ನಾರ್ಮಲ್ ಅಂತ ಬಂದ ರಿಪೋರ್ಟು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ ಬೆಳಿಗ್ಗೆ ಆರೂವರೆ. ಕೆ.ಆರ್. ಮಾರ್ಕೆಟ್‌ನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಒಂದು ಕೈಯಲ್ಲಿ ಸೇವಂತಿಗೆ ಚೀಲ, ಇನ್ನೊಂದರಲ್ಲಿ ಬಾಳೆಕಂದು ಹಿಡಿದುಕೊಂಡು ಹೇಗೋ ಹೊರಗೆ ಬರುತ್ತಿದ್ದೆ. ಫೋನ್ ಟಿಂಗ್ ಅಂತು. ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್, ಕೆಳಗೆ ಒಂದು ಮೆಸೇಜು: "ಮೇಡಂ, ಮರಿ ಬ್ಲಡ್ ರಿಪೋರ್ಟ್. ಡಬ್ಲ್ಯೂಬಿಸಿ 4,200. ನಾರ್ಮಲ್ ಅಂತ ಹೇಳಿದ್ರು. ಆದ್ರೂ ವಾಂತಿ ನಿಂತಿಲ್ಲ."

ಕಳಿಸಿದ ಹುಡುಗ ಚಾಮರಾಜಪೇಟೆಯ ಪಿಜಿಯಲ್ಲಿದ್ದಾನೆ, ಸಾಫ್ಟ್‌ವೇರ್ ಕೆಲಸ. ದಿನಾ ಮಾರ್ಕೆಟ್ ಸ್ಟೇಷನ್ನಿನಿಂದ ಮೆಟ್ರೋ ಹತ್ತುತ್ತಾನೆ. ಹೋಗುವಾಗ ಬರುವಾಗ ಅಲ್ಲಿನ ನಾಯಿಗಳಿಗೆ ಬಿಸ್ಕೆಟ್ ಹಾಕುವ ಅಭ್ಯಾಸ. ಹಿಂದೊಮ್ಮೆ ಒಂದು ಬೀದಿ ನಾಯಿಯನ್ನು ಲಸಿಕೆಗೆ ಅಂತ ನನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಬಂದಿದ್ದ, ಆಗಿನಿಂದ ಪರಿಚಯ. "ಎಲ್ಲಿದ್ದೀಯಪ್ಪಾ?" ಅಂತ ಫೋನ್ ಮಾಡಿದೆ. ನಾನಿದ್ದ ಜಾಗದಿಂದ ಐವತ್ತು ಹೆಜ್ಜೆ ದೂರದಲ್ಲೇ ಇದ್ದ.

ಹೂವು ಕಟ್ಟುವ ಅಕ್ಕ ಒಬ್ಬರ ಬುಟ್ಟಿಯ ಹಿಂದೆ, ಗೋಣಿಚೀಲದ ಮೇಲೆ ಮರಿ ಮಲಗಿತ್ತು. ಎರಡೂವರೆ ತಿಂಗಳಿರಬಹುದು. ಮೈ ಬಣ್ಣ ನೋಡಿ ಅವರೇ ಕನಕ ಅಂತ ಹೆಸರಿಟ್ಟಿದ್ದರು, ಕನಕಾಂಬರದ ಕನಕ. ಕಣ್ಣು ಒಳಗೆ ಹೋಗಿತ್ತು. ಚರ್ಮ ಎಳೆದರೆ ವಾಪಸ್ ಕೂರುತ್ತಿರಲಿಲ್ಲ. ಬಾಲದ ಕೆಳಗೆ ರಕ್ತ ಮಿಶ್ರಿತ ಬೇಧಿ, ಅದರದ್ದೇ ಒಂದು ವಾಸನೆ. ಪಶುವೈದ್ಯರಿಗೆ ಆ ವಾಸನೆ ಸಾಕು. ಇದರ ಜೊತೆಯ ಇನ್ನೊಂದು ಮರಿ ಹಿಂದಿನ ರಾತ್ರಿಯೇ ಹೋಗಿತ್ತು.

ಅಕ್ಕ ಹೂವು ಕಟ್ಟುವ ಕೈ ನಿಲ್ಲಿಸದೆ ಹೇಳಿದರು: "ಎರಡು ದಿನದಿಂದ ಹೇಳ್ತಾನೇ ಇದೀನಿ ಡಾಕ್ಟ್ರಮ್ಮ, ಇದು ಸರಿಯಿಲ್ಲ ಅಂತ. ಈ ತಮ್ಮ ಫೋನ್ ತೋರ್ಸಿ ಎಲ್ಲಾ ಸರಿಯಾಗಿದೆ ಅಂತಾನೆ."

ಹುಡುಗ ತಲೆ ತಗ್ಗಿಸಿದ. ಅವನ ತಪ್ಪೇನೂ ಇಲ್ಲ. ಮಂಗಳವಾರವೇ ಒಂದು ಕ್ಲಿನಿಕ್‌ಗೆ ಒಯ್ದಿದ್ದ. ಅಲ್ಲಿ ರಕ್ತ ತೆಗೆದು ಪಕ್ಕದಲ್ಲಿದ್ದ ಮನುಷ್ಯರ ಲ್ಯಾಬ್‌ಗೆ ಕಳಿಸಿದ್ದರು. ರಿಪೋರ್ಟಿನಲ್ಲಿ ಬಿಳಿ ರಕ್ತಕಣದ ಟೋಟಲ್ ಕೌಂಟ್ ಒಂದೇ ಇತ್ತು. 4,200, ಪಕ್ಕದಲ್ಲಿ "4,000–11,000". ಒಳಗೇ ಇದೆಯಲ್ಲ, ನಾರ್ಮಲ್. ಅಷ್ಟಕ್ಕೇ ಎರಡು ದಿನ ಹೋಯಿತು.

ಇವತ್ತಿನ ಅಂಕಣ ಆ ಎರಡು ದಿನಗಳ ಬಗ್ಗೆ. ಈಗ ನಿಮ್ಮಲ್ಲಿ ಬಹಳ ಜನ ಮನೆಯ ನಾಯಿ, ಬೆಕ್ಕಿನ ರಿಪೋರ್ಟನ್ನು ಡಾಕ್ಟರಿಗಿಂತ ಮೊದಲು ಫೋನಿನಲ್ಲೇ ಓದುತ್ತೀರಿ. ಓದಿ, ಖಂಡಿತ ಓದಿ. ಆದರೆ ಹೇಗೆ ಓದಬೇಕು ಅಂತ ತಿಳಿದು ಓದಿ.

ಯಾರ ನಾರ್ಮಲ್?

ಮೊದಲ ಪ್ರಶ್ನೆ ಇದು. 4,000ದಿಂದ 11,000 ಅನ್ನುವುದು ದೊಡ್ಡ ಮನುಷ್ಯರ ಲೆಕ್ಕ, ಒಂದು ಮೈಕ್ರೋಲೀಟರ್ ರಕ್ತದಲ್ಲಿ. ನಾಯಿಗೆ ಅದು ಸುಮಾರು 6,000ದಿಂದ 17,000. ಬೆಕ್ಕಿಗೆ 5,500ರಿಂದ 19,500. ಹಸುವಿಗೆ 4,000ದಿಂದ 12,000. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಅಂದರೆ ನಮ್ಮ ಕನಕನ 4,200 ಮನುಷ್ಯರಿಗೆ ಸರಿ, ನಾಯಿಗೆ ಕಡಿಮೆ. ಅದೇ ರೀತಿ ಆರೋಗ್ಯವಾಗಿರುವ ಬೆಕ್ಕಿನ 15,000 ನೋಡಿ ಮನುಷ್ಯರ ರಿಪೋರ್ಟು "ಹೈ" ಅಂತ ದಪ್ಪ ಅಕ್ಷರದಲ್ಲಿ ಕೂಗುತ್ತದೆ. ಮನೆಯವರು ಗಾಬರಿಯಾಗಿ ಮೆಡಿಕಲ್ ಶಾಪಿಗೆ ಓಡುತ್ತಾರೆ.

ಯಂತ್ರದ ಸಮಸ್ಯೆಯೂ ಇದೆ. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರಕ್ಕೆ ಬೆಕ್ಕಿನ ಪ್ಲೇಟ್‌ಲೆಟ್ ಗಂಟುಗಳು ಬಿಳಿ ಕಣಗಳಂತೆ ಕಾಣಬಹುದು. ರಕ್ತ ಕಡಿಮೆಯಾದ ಪ್ರಾಣಿಯಲ್ಲಿ ಇನ್ನೂ ಬಲಿಯದ ಕೆಂಪು ಕಣಗಳು ನ್ಯೂಕ್ಲಿಯಸ್ ಸಮೇತ ಹೊರಬರುತ್ತವೆ. ಯಂತ್ರ ಅವನ್ನೂ ಬಿಳಿ ಅಂತ ಎಣಿಸಿಬಿಡುತ್ತದೆ. ಆದ್ದರಿಂದಲೇ ಯಾರಾದರೂ ಒಬ್ಬರು ಗಾಜಿನ ಸ್ಲೈಡಿನ ಮೇಲೆ ರಕ್ತ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ನೂರು ಕಣ ಎಣಿಸಿ ಎಣಿಸಿ ಕಣ್ಣು ನೋಯುತ್ತಿತ್ತು. ಆಗ ಬೈದುಕೊಂಡಿದ್ದೆ. ಈಗ ಅದೇ ಅನ್ನ ಹಾಕುತ್ತಿದೆ.

ರಸ್ತೆಯಲ್ಲಿರುವುದು ಮಾತ್ರ ಲೆಕ್ಕಕ್ಕೆ

ಬಿಳಿ ಕಣಗಳಲ್ಲಿ ಐದು ಬಗೆ. ನ್ಯೂಟ್ರೋಫಿಲ್, ಲಿಂಫೋಸೈಟ್, ಮೊನೊಸೈಟ್, ಇಯೋಸಿನೋಫಿಲ್, ಬೇಸೋಫಿಲ್. ಬ್ಯಾಕ್ಟೀರಿಯಾ ನುಗ್ಗಿದಾಗ ಮೊದಲು ಓಡುವುದು ನ್ಯೂಟ್ರೋಫಿಲ್. ಇದನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ಹೂವಿನ ಮಾರ್ಕೆಟ್ಟೇ ಸಾಕು.

ಹೂವು ಬೆಳೆಯುವುದು ತೋಟದಲ್ಲಿ. ನ್ಯೂಟ್ರೋಫಿಲ್ ಬೆಳೆಯುವುದು ಮೂಳೆಯ ಮಜ್ಜೆಯಲ್ಲಿ. ಅಲ್ಲೇ ಒಂದಿಷ್ಟು ದಾಸ್ತಾನೂ ಇರುತ್ತದೆ. ರಕ್ತ ಅಂದರೆ ಮಾರ್ಕೆಟ್ ರಸ್ತೆ. ಹೂವು ಅಲ್ಲಿಗೆ ಬಂದು ಹೋಗುತ್ತದೆ ಅಷ್ಟೇ, ಬಳಕೆಯಾಗುವುದು ಮನೆಗಳಲ್ಲಿ. ನ್ಯೂಟ್ರೋಫಿಲ್ ಕೂಡ ರಕ್ತದಲ್ಲಿ ಸುಮಾರು ಹತ್ತು ಗಂಟೆ ಇದ್ದು, ಆಮೇಲೆ ಅಂಗಾಂಶಗಳಿಗೆ ಇಳಿದುಬಿಡುತ್ತದೆ. ಬೆಳಗಿನ ಸರಕು ಸಂಜೆಗೆ ಇರುವುದಿಲ್ಲ. ಹಾಗಾಗಿ ಮಂಗಳವಾರದ ಕೌಂಟ್ ಹಿಡಿದುಕೊಂಡು ಗುರುವಾರದ ಬಗ್ಗೆ ಮಾತಾಡೋದು, ಮೊನ್ನೆಯ ಹೂವಿನ ರೇಟು ಹೇಳಿ ಇವತ್ತು ಚೌಕಾಸಿ ಮಾಡಿದ ಹಾಗೆ.

ಹಬ್ಬಕ್ಕೆ ಬೇಡಿಕೆ ಏರಿದಾಗ ತೋಟದವರು ಏನು ಮಾಡುತ್ತಾರೆ? ಮೊದಲು ದಾಸ್ತಾನು ಕಳಿಸುತ್ತಾರೆ. ಅದೂ ಸಾಲದಿದ್ದರೆ ಬಲಿಯದ ಮೊಗ್ಗನ್ನೂ ಕಿತ್ತು ಕಳಿಸುತ್ತಾರೆ. ಮಜ್ಜೆಯೂ ಹಾಗೇ ಮಾಡುತ್ತದೆ. ಎಳೆಯ ನ್ಯೂಟ್ರೋಫಿಲ್‌ಗಳಿಗೆ "ಬ್ಯಾಂಡ್" ಅನ್ನುತ್ತೇವೆ. ಅವು ಹೆಚ್ಚಾಗಿದ್ದರೆ "ಲೆಫ್ಟ್ ಶಿಫ್ಟ್" ಅಂತ ರಿಪೋರ್ಟಿನಲ್ಲಿ ಬರೆದಿರುತ್ತದೆ. ಬಲಿತವು ಜಾಸ್ತಿ, ಮೊಗ್ಗು ಸ್ವಲ್ಪ ಅಂದರೆ ದೇಹ ಗಟ್ಟಿಯಾಗಿ ಹೋರಾಡುತ್ತಿದೆ. ಬಲಿತವುಗಳಿಗಿಂತ ಮೊಗ್ಗೇ ಜಾಸ್ತಿ ಅಂದರೆ ತೋಟಕ್ಕೆ ಪೂರೈಸೋಕೆ ಆಗುತ್ತಿಲ್ಲ ಅಂತ ಅರ್ಥ. ಆಗ ಟೋಟಲ್ ಎಷ್ಟೇ ಇರಲಿ, ಆತಂಕ ಪಡಬೇಕಾದದ್ದೇ.

ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದಾಗ ಕೌಂಟ್ 50,000 ದಾಟಿದ್ದನ್ನೂ ನೋಡಿದ್ದೇನೆ. ನೋಡಿದವರು ಕೈಕಾಲು ಬಿಡುತ್ತಾರೆ. ಆಪರೇಷನ್ ಆಗಿ ಅಂಥ ಎಷ್ಟೋ ನಾಯಿಗಳು ಆರಾಮಾಗಿ ಮನೆಗೆ ಹೋಗಿವೆ. ಆಪರೇಷನ್ ಆದ ಮರುದಿನ ಕೌಂಟ್ ಇನ್ನೂ ಏರುವುದೂ ಉಂಟು. ಕೊಳ್ಳುವವರು ಹೋಗಿಯಾಯಿತು, ತೋಟದಿಂದ ಹೊರಟ ಲಾರಿಗಳು ಮಾತ್ರ ಬರುತ್ತಲೇ ಇವೆ. ಕೆಲವು ದಿನದಲ್ಲಿ ತಾನಾಗೇ ಇಳಿಯುತ್ತದೆ. ಆದ್ದರಿಂದ ಜಾಸ್ತಿ ಅಂದಕೂಡಲೇ ಕೆಟ್ಟದ್ದಲ್ಲ, ಕಡಿಮೆ ಅಂದಕೂಡಲೇ ಒಳ್ಳೆಯದಲ್ಲ.

ಪಾರ್ವೋದಲ್ಲಿ ಆಗುವುದು ಬೇರೆ. 1978ರ ಹೊತ್ತಿಗೆ ಜಗತ್ತಿನ ಹಲವು ಕಡೆ ಒಟ್ಟಿಗೇ ಕಾಣಿಸಿಕೊಂಡ ಈ ವೈರಸ್‌ಗೆ ವೇಗವಾಗಿ ಬೆಳೆಯುವ ಕಣಗಳೇ ಬೇಕು. ಅಂಥವು ಇರುವುದು ಕರುಳಿನ ಒಳಪದರದಲ್ಲಿ ಮತ್ತು ಮಜ್ಜೆಯಲ್ಲಿ. ಕರುಳು ಹರಿದು ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ, ಅದೇ ಹೊತ್ತಿಗೆ ಕಾಯಬೇಕಾದ ನ್ಯೂಟ್ರೋಫಿಲ್‌ನ ತೋಟವೇ ಸುಟ್ಟಿರುತ್ತದೆ. ಕೊಳ್ಳುವವರು ಹೆಚ್ಚು, ಸರಕು ಇಲ್ಲ.

ಇಲ್ಲೇ ಒಂದು ಮೋಸ ಇದೆ. 12,000ದಿಂದ 1,000ಕ್ಕೆ ಬೀಳುವ ಕೌಂಟ್ ನಡುವೆ ಎಲ್ಲೋ ಒಂದು ಕಡೆ "ನಾರ್ಮಲ್" ಅನ್ನೋ ಗೆರೆಯೊಳಗೇ ಇರುತ್ತದೆ. ಬೀಳುವವರೂ ಮೂರನೇ ಮಹಡಿ ದಾಟಿಯೇ ಕೆಳಗೆ ಬರಬೇಕಲ್ಲ! ಆ ಕ್ಷಣದಲ್ಲಿ ಫೋಟೋ ತೆಗೆದರೆ, ಮೂರನೇ ಮಹಡಿಯಲ್ಲಿ ಕ್ಷೇಮವಾಗಿದ್ದಾರೆ ಅಂದುಕೊಳ್ಳುತ್ತೇವೆ.

ಹೆದರಿದ ಬೆಕ್ಕಿನ ಲೆಕ್ಕ

ಇದಕ್ಕೆ ಉಲ್ಟಾ ಕಥೆ ಬಸವನಗುಡಿಯ ಒಂದು ಬೆಕ್ಕಿನದು. ಸಂತಾನಹರಣ ಆಪರೇಷನ್‌ಗೆ ಮುಂಚೆ ಮಾಡಿಸಿದ ಟೆಸ್ಟಿನಲ್ಲಿ 24,000 ಬಂತು. ಮನೆಯ ಹುಡುಗಿ ರಾತ್ರಿಯೆಲ್ಲ ಗೂಗಲ್ ಮಾಡಿ ಬೆಳಿಗ್ಗೆ ಅಳುತ್ತಾ ಬಂದಳು. "ಬ್ಲಡ್ ಕ್ಯಾನ್ಸರ್ರಾ ಡಾಕ್ಟ್ರೇ?"

ನಾನು ಕೇಳಿದ್ದು ಒಂದೇ. "ಅವತ್ತು ಹೇಗೆ ಕರೆದುಕೊಂಡು ಬಂದೆ?" ಆಟೋದಲ್ಲಿ, ಬ್ಯಾಗಿನಲ್ಲಿ ಹಾಕಿಕೊಂಡು, ಮಾರ್ಕೆಟ್ ಫ್ಲೈಓವರ್ ಕೆಳಗಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು. ಕ್ಲಿನಿಕ್ಕಿಗೆ ಬಂದಾಗ ಎದುರಿಗೆ ಒಂದು ಲ್ಯಾಬ್ರಡಾರ್.

ಎಲ್ಲಾ ನ್ಯೂಟ್ರೋಫಿಲ್‌ಗಳೂ ರಕ್ತದ ಜೊತೆ ಓಡಾಡುತ್ತಿರುವುದಿಲ್ಲ. ಒಂದಿಷ್ಟು ರಕ್ತನಾಳದ ಗೋಡೆಗೆ ಅಂಟಿಕೊಂಡು ಕೂತಿರುತ್ತವೆ. ಫುಟ್‌ಪಾತಿನ ಅಂಚಿಗೆ ಬುಟ್ಟಿ ಇಟ್ಟು ಕೂತವರ ಹಾಗೆ. ಬೆಕ್ಕಿನಲ್ಲಿ ಹೀಗೆ ಅಂಚಿಗೆ ಕೂತವು ಓಡಾಡುವವುಗಳ ಸುಮಾರು ಮೂರು ಪಟ್ಟು. ನಾವು ಸೂಜಿ ಹಾಕಿ ತೆಗೆಯುವುದು ಓಡಾಡುವುದನ್ನು ಮಾತ್ರ. ಬೆಕ್ಕು ಹೆದರಿದಾಗ ಅಡ್ರಿನಾಲಿನ್ ನುಗ್ಗುತ್ತದೆ. ಪೊಲೀಸ್ ಜೀಪು ಬಂತು ಅಂದರೆ ಫುಟ್‌ಪಾತಿನವರೆಲ್ಲ ಬುಟ್ಟಿ ಎತ್ತಿಕೊಂಡು ರಸ್ತೆಗೆ ಬರುತ್ತಾರಲ್ಲ, ಹಾಗೆ ಗೋಡೆಗೆ ಅಂಟಿದ್ದವೆಲ್ಲ ನಡುರಸ್ತೆಗೆ ಬರುತ್ತವೆ. ಬೆಕ್ಕಿನಲ್ಲಿ ಲಿಂಫೋಸೈಟ್ ಕೂಡ ಜೊತೆಗೆ ಏರುತ್ತದೆ. ಜನ ಹೆಚ್ಚಾಗಲಿಲ್ಲ, ಕೂತವರು ಎದ್ದರು ಅಷ್ಟೇ.

ಆ ಬೆಕ್ಕಿಗೆ ಔಷಧಿ ಏನೂ ಕೊಡಲಿಲ್ಲ. ಸ್ಲೈಡ್ ನೋಡಿದೆ, ಮೊಗ್ಗು ಇರಲಿಲ್ಲ, ಕಣಗಳೆಲ್ಲ ಚೆನ್ನಾಗಿದ್ದವು. ಒಂದು ವಾರ ಬಿಟ್ಟು, ಬೆಳಿಗ್ಗೆ ಬೇಗ, ಟವೆಲ್ ಮುಚ್ಚಿದ ಬುಟ್ಟಿಯಲ್ಲಿ ತರೋಕೆ ಹೇಳಿದೆ. 11,000 ಬಂತು.

ದೀರ್ಘಕಾಲದ ನೋವು, ಒತ್ತಡದಲ್ಲಿ ಬೇರೆ ತರಹದ ಏರಿಕೆ ಕಾಣುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಾಗಲೂ ಅಷ್ಟೇ. ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್, ಇಯೋಸಿನೋಫಿಲ್ ಇಳಿಯುತ್ತವೆ. ತುರಿಕೆಗೆ ಅಂತ ಹತ್ತು ದಿನದ ಹಿಂದೆ ಎಲ್ಲೋ ಇಂಜೆಕ್ಷನ್ ಕೊಡಿಸಿ, ಅದನ್ನು ಹೇಳದೇ ರಕ್ತ ಕೊಟ್ಟರೆ ನಾವು ಇಲ್ಲದ ಸೋಂಕನ್ನು ಹುಡುಕುತ್ತಾ ಕೂರುತ್ತೇವೆ. ಏನು ಕೊಡಿಸಿದ್ದೀರೋ ಮುಚ್ಚಿಡಬೇಡಿ, ನಾವು ಬೈಯೋದಿಲ್ಲ. ಸರಿ, ಸ್ವಲ್ಪ ಬೈತೀವಿ.

ನಾನು ಓದದೇ ಬಿಟ್ಟ ಸಾಲು

ಆ ಹುಡುಗನಿಗೆ ಬುದ್ಧಿ ಹೇಳುವ ಮುಂಚೆ ನನ್ನದೂ ಒಂದು ಹೇಳಿಬಿಡಬೇಕು.

ಕೆಲಸ ಶುರುಮಾಡಿದ ಹೊಸತು. ಮಾರ್ಕೆಟ್ಟಿನ ಹಿಂದೆ ಉಳಿದ ಸೊಪ್ಪು, ಕೋಸಿನ ಎಲೆ ತಿಂದು ಬದುಕುವ ಹಸುಗಳನ್ನು ನೀವೂ ನೋಡಿರುತ್ತೀರಿ. ಅಂಥ ಒಂದು ಹಸುವನ್ನು ಅದರ ಯಜಮಾನರು ತಂದರು. ಮೇವು ಬಿಟ್ಟಿದೆ, ಹಾಲು ಇಳಿದಿದೆ, ಮೆಲುಕು ಹಾಕುತ್ತಿಲ್ಲ. ನಿಲ್ಲುವಾಗ ಮೊಣಕೈ ಹೊರಗೆ ಮಾಡಿ ಬೆನ್ನು ಬಾಗಿಸಿ ನಿಂತಿತ್ತು. ರಕ್ತ ಕಳಿಸಿದೆ. ಟೋಟಲ್ 10,200. ಹಸುವಿಗೆ ಸರಿಯಾಗಿ ಗೆರೆಯೊಳಗೆ. "ಗಾಬರಿ ಏನಿಲ್ಲ ಗೌಡ್ರೇ, ಅಜೀರ್ಣ" ಅಂದು ಹೊಟ್ಟೆಗೆ ಪುಡಿ ಕೊಟ್ಟು ಕಳಿಸಿದೆ.

ರಿಪೋರ್ಟಿನ ಎರಡನೇ ಸಾಲು ಓದಿದ್ದರೂ ಓದಲಿಲ್ಲ. ನ್ಯೂಟ್ರೋಫಿಲ್ 68 ಪರ್ಸೆಂಟ್. ನಾಯಿಯಲ್ಲಿ ಅದು ಮಾಮೂಲಿ. ಹಸುವಿನಲ್ಲಿ ಅಲ್ಲ. ಆರೋಗ್ಯವಾದ ಹಸುವಿನ ರಕ್ತದಲ್ಲಿ ಲಿಂಫೋಸೈಟ್‌ಗಳದ್ದೇ ಬಹುಮತ, ಹೆಚ್ಚುಕಮ್ಮಿ ಒಂದು ನ್ಯೂಟ್ರೋಫಿಲ್‌ಗೆ ಎರಡು ಲಿಂಫೋಸೈಟ್. ಇಲ್ಲಿ ಆ ಲೆಕ್ಕ ತಲೆಕೆಳಗಾಗಿತ್ತು. ಟೋಟಲ್ ಕದಲಿರಲಿಲ್ಲ, ಒಳಗೆ ಎಲ್ಲಾ ಬದಲಾಗಿತ್ತು. ಹಸುವಿನಲ್ಲಿ ಸೋಂಕು, ಉರಿಯೂತ ಎಷ್ಟೋ ಸಲ ಹೀಗೇ ಕಾಣಿಸಿಕೊಳ್ಳುತ್ತದೆ.

ಎರಡು ವಾರ ಬಿಟ್ಟು ಅವರು ಮತ್ತೆ ಬಂದಾಗ ಹಸುವಿನ ಗಂಗೆದೊಗಲು ನೀರು ತುಂಬಿ ಊದಿತ್ತು, ಕತ್ತಿನ ರಕ್ತನಾಳ ಹಗ್ಗದ ಹಾಗೆ ಎದ್ದಿತ್ತು. ಕಸದ ಜೊತೆ ನುಂಗಿದ ತಂತಿಯ ಚೂರು ಎರಡನೇ ಹೊಟ್ಟೆಯಲ್ಲಿ ಚುಚ್ಚಿಕೊಂಡು, ಮುಂದಕ್ಕೆ ಸರಿದು ಹೃದಯದ ಚೀಲ ಸೇರಿತ್ತು. ಹಸು ಉಳಿಯಲಿಲ್ಲ. ಮೊದಲ ದಿನವೇ ಆಪರೇಷನ್‌ಗೆ ಕಳಿಸಿದ್ದರೆ ಉಳಿಯುವ ಅವಕಾಶ ಇತ್ತು. ಗೌಡ್ರು ನನ್ನನ್ನು ಏನೂ ಅನ್ನಲಿಲ್ಲ. "ಹಸು ನಿಂತಿದ್ದ ರೀತಿ ಸರಿ ಇರ್ಲಿಲ್ಲ ಕಣವ್ವ" ಅಂದರು ಅಷ್ಟೇ. ಅವರೂ ನೋಡಿದ್ದರು, ನಾನೂ ನೋಡಿದ್ದೆ. ಕಾಗದದ ಮೇಲಿನ ಒಂದು ನಂಬರು ನಮ್ಮಿಬ್ಬರ ಕಣ್ಣನ್ನೂ ಮುಚ್ಚಿಸಿತು.

ಹಸುವಿನ ಬಗ್ಗೆ ಇನ್ನೊಂದು ಮಾತು. ಅದರ ಮಜ್ಜೆಯಲ್ಲಿ ನ್ಯೂಟ್ರೋಫಿಲ್ ದಾಸ್ತಾನು ನಾಯಿಯಷ್ಟು ಇರುವುದಿಲ್ಲ. ಜೋರಾದ ಕೆಚ್ಚಲು ಬಾವು ಬಂದ ಮೊದಲ ಒಂದೆರಡು ದಿನ ಕೌಂಟ್ ಏರುವ ಬದಲು ಇಳಿಯುವುದೇ ಹೆಚ್ಚು. ಇದ್ದದ್ದೆಲ್ಲ ಕೆಚ್ಚಲಿಗೆ ಓಡಿರುತ್ತದೆ. ಊರಲ್ಲಿ ಅಪ್ಪ ಅಮ್ಮ ಹಸು ಸಾಕಿದ್ದರೆ ಇದು ನೆನಪಿರಲಿ. ಇಳಿದಿದೆ ಅಂದರೆ ಸೋಂಕಿಲ್ಲ ಅಂತಲ್ಲ.

ರಿಪೋರ್ಟ್ ಕೈಗೆ ಬಂದಾಗ

ಇನ್ನು ಮುಂದೆ ಪಿಡಿಎಫ್ ತೆರೆದಾಗ ಇಷ್ಟು ಮಾಡಿ.

ಮೊದಲು ಮೇಲ್ಗಡೆ ಯಾವ ಪ್ರಾಣಿ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ, ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ನಿಮ್ಮದು, ನಿಮ್ಮ ನಾಯಿಯದ್ದಲ್ಲ.

ಟೋಟಲ್ ಒಂದೇ ಇದ್ದರೆ ಡಿಫರೆನ್ಷಿಯಲ್ ಕೇಳಿ, ಸ್ಲೈಡ್ ನೋಡಿದ್ದಾರಾ ಕೇಳಿ. ಪರ್ಸೆಂಟ್ ಓದಿ ಸುಮ್ಮನಾಗಬೇಡಿ. ಟೋಟಲ್ ಅನ್ನು ಪರ್ಸೆಂಟಿನಿಂದ ಗುಣಿಸಿ ನೂರರಿಂದ ಭಾಗಿಸಿ. ಬರುವುದು ನಿಜವಾದ ಸಂಖ್ಯೆ. ಫೋನಿನ ಕ್ಯಾಲ್ಕುಲೇಟರಿಗೆ ಹತ್ತು ಸೆಕೆಂಡ್ ಕೆಲಸ. ನಾಯಿಯ ನ್ಯೂಟ್ರೋಫಿಲ್ ಹೀಗೆ ಲೆಕ್ಕ ಹಾಕಿದಾಗ 3,000ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. 1,000ಕ್ಕಿಂತ ಕೆಳಗಿದ್ದರೆ ಫೋನ್ ಬೇಡ, ನೇರ ಹೊರಡಿ.

ಹಳೆಯ ರಿಪೋರ್ಟುಗಳನ್ನು ಒಂದೇ ಫೋಲ್ಡರಿನಲ್ಲಿಡಿ. ಒಂದು ನಂಬರಿಗಿಂತ, ಎರಡು ನಂಬರಿನ ನಡುವಿನ ದಾರಿ ಹೆಚ್ಚು ಹೇಳುತ್ತದೆ.

ಹೋದ ಸಲದ್ದು ಉಳಿದಿದೆ ಅಂತ ಆಂಟಿಬಯಾಟಿಕ್ ನೀವೇ ಶುರು ಮಾಡಬೇಡಿ. ಮನುಷ್ಯರ ನೋವಿನ ಮಾತ್ರೆಯಂತೂ ಬೇಡವೇ ಬೇಡ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ.

ಕೊನೆಯದಾಗಿ, ರಿಪೋರ್ಟ್ ಮುಚ್ಚಿ ಪ್ರಾಣಿಯನ್ನು ನೋಡಿ. ತಿಂದಿತಾ, ಕುಡಿಯಿತಾ, ಬಾಲ ಆಡಿಸಿತಾ? ರಿಪೋರ್ಟ್ ಒಂದು ಹೇಳಿ ಪ್ರಾಣಿ ಇನ್ನೊಂದು ಹೇಳಿದರೆ, ಪ್ರಾಣಿಯನ್ನು ನಂಬಿ.

ಕನಕ

ಗುರುವಾರ ಬೆಳಿಗ್ಗೆ ಸೇವಂತಿಗೆ ಚೀಲವನ್ನು ಅಕ್ಕನ ಹತ್ತಿರವೇ ಬಿಟ್ಟು ಮರಿಯನ್ನು ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದೆವು. ಮಲ ಪರೀಕ್ಷೆಯ ಕಿಟ್‌ನಲ್ಲಿ ಪಾರ್ವೋ ಎರಡು ಗೆರೆ ತೋರಿಸಿತು. ಟೋಟಲ್ 1,900. ಸ್ಲೈಡಿನಲ್ಲಿ ನೂರಕ್ಕೆ ಇಪ್ಪತ್ತು ನ್ಯೂಟ್ರೋಫಿಲ್, ಅಂದರೆ 380. ಬೇರೆ ನಾಯಿಗಳಿಗೆ ತಗಲದ ಹಾಗೆ ಹಿಂದಿನ ಕೋಣೆಯಲ್ಲಿ ಇಟ್ಟು ಡ್ರಿಪ್, ವಾಂತಿಗೆ ಔಷಧಿ, ಆಂಟಿಬಯಾಟಿಕ್ ಶುರು ಮಾಡಿದೆ. ಹುಡುಗ ರಜಾ ಹಾಕಿ, ಲ್ಯಾಪ್‌ಟಾಪ್ ಬೆಂಚಿನ ಮೇಲಿಟ್ಟು ಅಲ್ಲೇ ಕೂತ. ಅಕ್ಕ ಹಬ್ಬದ ವ್ಯಾಪಾರ ಬಿಟ್ಟು ಬರೋಕೆ ಆಗಲಿಲ್ಲ. ಮರಿ ಮಲಗಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತಿಕ್ಕಿದರು. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಬರೀ ಸೋಪಿಗೆ ಜಗ್ಗುವುದಿಲ್ಲ.

ಶನಿವಾರ 1,300. ಆ ದಿನ ನಾನು ಹುಡುಗನ ಮುಖ ನೋಡಲಿಲ್ಲ. ಸೋಮವಾರ 5,600, ಸ್ಲೈಡಿನ ತುಂಬ ಮೊಗ್ಗು. ಬೇರೆ ದಿನವಾಗಿದ್ದರೆ ಅಷ್ಟು ಮೊಗ್ಗು ನೋಡಿ ಹೆದರುತ್ತಿದ್ದೆ. ಅವತ್ತು ಖುಷಿಯಾಯಿತು, ಯಾಕೆಂದರೆ ಮರಿ ತಲೆ ಎತ್ತಿ ನೀರು ಕುಡಿದಿತ್ತು. ಸುಟ್ಟ ತೋಟ ಮತ್ತೆ ಚಿಗುರಿತ್ತು. ಬುಧವಾರ 14,000, ಮೊಸರನ್ನ.

ನಿಮ್ಮ ಮನೆಯಲ್ಲಿ ಮರಿ ಇದ್ದರೆ ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಹಾಕಿಸಿ. ಈ ಅಂಕಣದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಮೊನ್ನೆ ಹೂವಿಗೆ ಹೋದಾಗ ಕನಕ ಬುಟ್ಟಿಯ ಹಿಂದೆ ಬಾಳೆನಾರು ಕಚ್ಚಿ ಎಳೆಯುತ್ತಿತ್ತು. ಅಕ್ಕ ನನಗೆ ಎರಡು ಮೊಳ ಮಲ್ಲಿಗೆ ಕೊಟ್ಟು ದುಡ್ಡು ಬೇಡ ಅಂದರು. ಹುಡುಗನ ಕಡೆ ತಿರುಗಿ, "ಇನ್ಮೇಲೆ ಫೋನ್ ನೋಡೋಕೆ ಮುಂಚೆ ನನ್ನ ಕೇಳು ತಮ್ಮ" ಅಂದರು. ಅವನು ನಗಲಿಲ್ಲ. ಇನ್ನೊಂದು ಮರಿ ಮಲಗುತ್ತಿದ್ದ ಗೋಣಿಚೀಲದ ಜಾಗ ನೋಡುತ್ತಾ, "ಸರಿ ಅಕ್ಕ" ಅಂದ.